ಖಾಲಿ ಆಕಾಶದಲ್ಲಿ ಸುಣ್ಣ

ಜೇವರ್ಗಿಯಿಂದ ಹೈದರಾಬಾದ್

ಈ ಪ್ರವಾಸಕ್ಕೆ ಹೋಗಬೇಕಾಗಿದ್ದವಳು ನಮ್ಮ ವೈನಿ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಆಕೆಯ ಮಗಳು ಸುಜಾತಾ ಸ್ಪೇನ್ ದೇಶಕ್ಕೆ ಸೇರಿದ ಲಾ ಪಾಲ್ಮಾ ಎಂಬ ದ್ವೀಪದಲ್ಲಿ ಸತ್ತ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಜನವರಿಯಲ್ಲಿ ಅವರದೊಂದು ಸಭೆ ಇತ್ತು. ಮಾತಾಡುವವರು ಮನೆಯವರೊಬ್ಬರನ್ನು ಕರೆಸಿಕೊಳ್ಳಬಹುದು ಎಂದು ಹೇಳಿದ್ದರಂತೆ. ಸುಜಾತಾ ಮಾದನಹಿಪ್ಪರಗಾಕ್ಕೆ ಫೋನ್ ಮಾಡಿ ತಾಯಿಯನ್ನು ಕರೆದಳು.

"ತೊಗರಿ ರಾಶಿ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ," ಅಂದಳು ವೈನಿ. "ನಿಮ್ಮ ಕಾಕಾಗ ಕರಕೋ. ರಿಟೈರ್ ಆಗಿ ಜೇವರ್ಗ್ಯಾಗ ಪೇಪರ್ ಓದಕೋತ ಕುಂತಾನ."

ಹಾಗೆ ನಾನು ಹೊರಟೆ. ಮೂವತ್ತೊಂದು ವರ್ಷ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಕಲ್ಲುಪುಡಿಯಲ್ಲಿ ಸುಣ್ಣ ಎಷ್ಟು, ಮರಳಿನಂಶ ಎಷ್ಟು, ಅಲ್ಯೂಮಿನಾ ಎಷ್ಟು, ಕಬ್ಬಿಣ ಎಷ್ಟು ಎಂದು ದಿನಕ್ಕೆ ಮೂರು ಪಾಳಿಯಲ್ಲಿ ಅಳೆಯುವುದು ನಮ್ಮ ಕೆಲಸ. ಅದಕ್ಕಿಂತ ದೂರದ ವಸ್ತುವನ್ನು ನಾನು ಅಳೆದವನಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ಬದಿಗೆ ತೆಗೆದರು. ಒಳಗೆ ವೈನಿ ಕಟ್ಟಿಕೊಟ್ಟ ಒಣಗಿಸಿದ ಜೋಳದ ರೊಟ್ಟಿ ಮತ್ತು ಎರಡು ಡಬ್ಬಿ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಇದ್ದವು. ಕೆಂಪು ಪುಡಿ ನೋಡಿ ಒಬ್ಬ ಅಧಿಕಾರಿ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬಳನ್ನು ಕರೆದ. ಆಕೆ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು, ಸತತವಾಗಿ ನಾಲ್ಕು ಸಲ ಸೀನಿದಳು. "ಖಾನೇ ಕೀ ಚೀಜ್ ಹೈ," ತಿನ್ನುವ ವಸ್ತುವೇ ಎಂದು ತಾನೇ ತೀರ್ಪು ಕೊಟ್ಟು ಕಳಿಸಿದಳು.

ಭಾನುವಾರ, ದ್ವೀಪ

ಸಮುದ್ರದ ನಡುವೆ ನಿಂತ ಒಂದೇ ಒಂದು ಬೆಟ್ಟ, ಅದರ ಅಂಚಿಗೆ ಕಟ್ಟಿದಂತೆ ವಿಮಾನದ ದಾರಿ. ಇಳಿಯುವಾಗ ಕಿಟಕಿಯಲ್ಲಿ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮುಂದಿನ ಸೀಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರಲ್ಲಿ ಕುಳಿತಿದ್ದ ಮುದುಕ ತಿರುಗಿ ನನ್ನ ಕೈ ತಟ್ಟಿದ.

ಸುಜಾತಾ ಹೊರಗೆ ನಿಂತಿದ್ದಳು. ನಾಲ್ಕು ವರ್ಷದ ಮೇಲೆ ನೋಡಿದ್ದು.

"ಕಾಕಾ, ಮೊದಲ ಆ ಮಂಗನ ಟೋಪಿ ತಗೀರಿ. ಮಂದಿ ನೋಡಾಕತ್ತಾರ."

"ಥಂಡಿ ಅದ ಬೇ."

"ಇಲ್ಲಿ ಥಂಡಿ ಇರಂಗಿಲ್ಲ. ರೊಟ್ಟಿ ಮುರಿದಾವೇನ್ರಿ?"

ಎರಡು ಮುರಿದಿದ್ದವು. ಕಾರಿನಲ್ಲಿ ಅವನ್ನೇ ತಿನ್ನುತ್ತ, ಒಂದೇ ಕೈಯಲ್ಲಿ ತಿರುವುಗಳನ್ನು ದಾಟಿಸುತ್ತ ತನ್ನ ಸಂಗತಿ ಹೇಳಿದಳು. ಗುರುವಾರ ಅವಳ ಭಾಷಣ. ಒಂದು ಸತ್ತ ನಕ್ಷತ್ರದಲ್ಲಿ ಅವಳಿಗೆ ಸುಣ್ಣದ, ಅಂದರೆ ಕ್ಯಾಲ್ಸಿಯಂನ, ಗುರುತು ಸಿಕ್ಕಿದೆ. ಅದನ್ನು ಮೊದಲು ಕಂಡವಳು ಅವಳೇ. ಅವರ ತಂಡದ ಮುಖ್ಯಸ್ಥೆ ಇನೆಸ್ ಎಂಬ ಪ್ರೊಫೆಸರ್, ಅದು ನಿಂತರೆ ಮುಂದಿನ ಮೂರು ವರ್ಷದ ಕೆಲಸ ಇವಳಿಗೇ ಎಂದಿದ್ದಾರೆ. ನಿಲ್ಲದಿದ್ದರೆ ಆಗಸ್ಟಿಗೆ ಇಲ್ಲಿಯ ಅವಧಿ ಮುಗಿಯುತ್ತದೆ. ಸಂಶೋಧನೆಗೆ ಬರುವ ಮುಂಚೆ ಅಫಜಲಪುರದ ಕಾಲೇಜಿನಲ್ಲಿ ಒಂದು ವರ್ಷ ಪಾಠ ಮಾಡಿದ್ದಳು. "ಮತ್ತ ಅಲ್ಲೇ ಹೋಗಿ ಸೀಮೆಸುಣ್ಣ ಹಿಡೀತೇನಿ. ಅದೂ ಸುಣ್ಣನ ಅಲ್ಲೇನ್ರಿ?" ಎಂದು ನಕ್ಕಳು. ನಗುವಿನಲ್ಲಿ ಅಷ್ಟು ಧೈರ್ಯ ಇರಲಿಲ್ಲ.

ಊರು ಸೇರುವಾಗ ಸಂಜೆ. ಬೀದಿದೀಪಗಳು ಮಬ್ಬಾದ ಹಳದಿ, ಎಲ್ಲವೂ ನೆಲಕ್ಕೆ ಮುಖ ಮಾಡಿದ್ದವು. ಬೆಟ್ಟದ ಮೇಲಿನ ದೂರದರ್ಶಕಗಳಿಗೆ ತೊಂದರೆಯಾಗಬಾರದೆಂದು ದ್ವೀಪಕ್ಕೆಲ್ಲ ಹೀಗೊಂದು ಕಾಯ್ದೆ ಇದೆಯಂತೆ. ನಮ್ಮ ತಾಲೂಕಿನ ಊರು ಆಳಂದದ ಬಸ್ ನಿಲ್ದಾಣದಲ್ಲಿ ಎತ್ತರದ ಕಂಬಕ್ಕೆ ಬೆಳ್ಳನೆಯ ದೀಪ ಬಂದ ದಿನ ನಾವು ಹೊಸ ಅಂಗಿ ಹಾಕಿಕೊಂಡು ನೋಡಲು ಹೋಗಿದ್ದೆವು. ಇಲ್ಲಿ ಯಾರೋ ನಾಲ್ಕು ಜನ ನಕ್ಷತ್ರ ನೋಡಲೆಂದು ಊರಿಗೆ ಊರೇ ಕತ್ತಲೆಯಲ್ಲಿ ನಡೆಯುತ್ತದೆ. ಯಾರೂ ಗೊಣಗಿದ್ದನ್ನು ನಾನು ಕಾಣಲಿಲ್ಲ.

ಸೋಮವಾರ, ಬೆಟ್ಟ

ಬೆಟ್ಟ ಹತ್ತಿ ದೂರದರ್ಶಕ ನೋಡಬೇಕೆಂದು ಹೊರಟೆವು. ಮೋಡವನ್ನು ದಾಟಿ ಮೇಲೆ ಹೋದರೆ ಆಕಾಶ ನೀಲಿಯಾಗಿರಬೇಕಿತ್ತು. ಹಳದಿ ಬಣ್ಣಕ್ಕೆ ತಿರುಗಿತ್ತು. ಸಹಾರಾ ಮರುಭೂಮಿಯ ಧೂಳು ಸಮುದ್ರ ದಾಟಿ ಬಂದಿತ್ತು. ಈ ಗಾಳಿಗೆ ಅವರು ಕಲಿಮಾ ಅನ್ನುತ್ತಾರೆ. ಕಾರಿನ ಗಾಜಿನ ಮೇಲೆ ಬೆರಳೆಳೆದು ನೋಡಿದೆ. ನನಗೆ ಮೂವತ್ತೊಂದು ವರ್ಷದ ಪರಿಚಯ ಇದ್ದ ಬಣ್ಣ ಅದು.

ಗುಮ್ಮಟದ ಬಾಗಿಲಲ್ಲಿ ನಿಂತಿದ್ದ ಕೆಲಸಗಾರ ಕೈಯಾಡಿಸಿದ. ಕನ್ನಡಿಗೆ ಧೂಳು ಕೂರುತ್ತದೆ, ಈ ವಾರ ತೆರೆಯುವುದಿಲ್ಲ. ಅಷ್ಟು ದೂರ ಹೋಗಿ ನಾನು ನೋಡಿದ್ದು ಮುಚ್ಚಿದ ಒಂದು ಬಿಳಿ ಗುಮ್ಮಟ, ಅದರ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚಿದ ಮೂವರು ಬಣ್ಣ ಬಳಿಯುವವರು.

ನಾವೂ ಅಲ್ಲೇ ಕುಳಿತು ತಿಂದೆವು. ಸತ್ತ ನಕ್ಷತ್ರದಲ್ಲಿ ಸುಣ್ಣ ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

"ಚುಕ್ಕಿ ಸತ್ತ ಮ್ಯಾಲ ಅದರ ನಡುವಿನ ಗಡ್ಡಿ ಅಷ್ಟ ಉಳೀತದ್ರಿ," ಅಂದಳು. "ಭೂಮಿಯಷ್ಟ ಸಣ್ಣದು, ಆದ್ರ ತೂಕ ಸೂರ್ಯನ ಹತ್ರ ಹತ್ರ. ಶ್ವೇತ ಕುಬ್ಜ ಅಂತಾರ. ಅಷ್ಟ ಬಿಗಿ ಎಳೀತದಲ್ಲ, ಸುಣ್ಣ, ಕಬ್ಬಿಣ, ವಜ್ಜಿ ಇರೂದೆಲ್ಲ ತಳಕ್ಕ ಇಳದ ಹೋಗ್ತದ. ಮ್ಯಾಲ ಹಗುರಿದ್ದದ್ದು ಅಷ್ಟ ಉಳೀತದ. ರಾಡಿ ನೀರು ಗಡಿಗ್ಯಾಗ ತಿಳಿ ಆದಂಗ."

"ಮತ್ತ ಮ್ಯಾಲ ರಾಡಿ ಕಂಡ್ರ?"

"ಈಗೀಗ ಯಾರೋ ಕಲಕ್ಯಾರ ಅಂದಂಗ. ಅದರ ಸುತ್ತ ತಿರಗೂ ಕಲ್ಲು, ಒಡದ ಗ್ರಹದ ಚೂರು, ಭಾಳ ಹತ್ರ ಬಂದ್ರ ಆ ಎಳತಕ್ಕ ಹರದ ಪುಡಿಪುಡಿ ಆಗ್ತದ. ಪುಡಿ ಉಂಗುರಾಗಿ ಸುತ್ತಿ ಸುತ್ತಿ ಮ್ಯಾಲ ಬೀಳ್ತದ. ನನ್ನ ಚುಕ್ಕಿಯಂಥಾದ್ರಾಗ ಅದು ಭಾಳ ದಿನ ನಿಲ್ಲಂಗಿಲ್ಲ, ಲಗೂನ ತಳ ಸೇರ್ತದ. ಅದಕ್ಕ ನಮಗ ಕಂಡದ್ದು ಈಗ ಬೀಳಾಕತ್ತಿದ್ದು."

ಇಂಥ ನಕ್ಷತ್ರಕ್ಕೆ ಅವರ ಭಾಷೆಯಲ್ಲಿ ಮಲಿನಗೊಂಡದ್ದು ಎಂಬ ಅರ್ಥದ ಹೆಸರಿದೆ. ನನ್ನ ಅಜ್ಜ ಬಾವಿಗೆ ಇಳಿದರೆ ನೀರು ಮೈಲಿಗೆಯಾಗುತ್ತದೆ ಎಂದ ಊರಿನವರು ನಾವು. ಅಪ್ಪನ ಕಾಲಕ್ಕೆ ಬೌದ್ಧರಾದೆವು, ಆ ಶಬ್ದವನ್ನು ಮನೆಯಿಂದ ಹೊರಗಿಟ್ಟೆವು.

"ಕನ್ನಡದಾಗ ಬರೆದ್ರ ಮೈಲಿಗಿ ಅಂತ ಬರೀಬ್ಯಾಡ," ಅಂದೆ.

"ನನಗ ತಿಳೀದೇನ್ರಿ? ಬೆರಕಿ ಆದ ಚುಕ್ಕಿ ಅಂತೇನಿ."

ಆಮೇಲೆ ತಾನಾಗಿ ಹೇಳಿದಳು. ನಮ್ಮ ಸೂರ್ಯನಿಗೂ ಮುಂದೆ ಎಂದೋ ಇದೇ ಗತಿ. ಅವನು ಉಬ್ಬುವಾಗ ಭೂಮಿ ಉಳಿಯುತ್ತದೋ ನುಂಗಿಹೋಗುತ್ತದೋ ಖಾತ್ರಿ ಇಲ್ಲ. ಉಳಿದ ಕಲ್ಲುಗಳು ಒಂದೊಂದಾಗಿ ಬೀಳುತ್ತವೆ. ಆಗ ಬಹುದೂರದಲ್ಲಿ ಯಾರಾದರೂ ನೋಡುತ್ತಿದ್ದರೆ ಅವರಿಗೆ ಕಾಣುವುದು, ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ ಆ ಪುಡಿ ಬೆಳಕು ನುಂಗಿದ ಕಡೆ ಒಂದು ಸಣ್ಣ ತಗ್ಗು. ಆಳಂದದ ಕರಿ ಮಣ್ಣು ಇಷ್ಟು, ಜೇವರ್ಗಿ ಕಡೆಯ ಸುಣ್ಣಗಲ್ಲು ಇಷ್ಟು ಎಂದು ಬೇರೆ ಮಾಡಲು ಬಾರದ ಒಂದೇ ತಗ್ಗು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನನ್ನ ಕೆಲಸದ ನಾಲ್ಕು ವಸ್ತುಗಳ ಪಟ್ಟಿಗೆ ಅಂಥ ಕೊನೆಯೂ ಇರಬಹುದೆಂದು ನಾನು ಯೋಚಿಸಿರಲಿಲ್ಲ.

ಮಂಗಳವಾರ, ಕಾರ್ಮೆನ್ ಮನೆ

ನಾವು ಇಳಿದುಕೊಂಡಿದ್ದ ಮನೆಯನ್ನು ನೋಡಿಕೊಳ್ಳುವ ಕಾರ್ಮೆನ್‌ಗೆ ಎಪ್ಪತ್ತರ ಆಸುಪಾಸು. ಬೆಳಗಿನ ಹಾಲಿಗೆ ಹುರಿದ ಧಾನ್ಯದ ಹಿಟ್ಟು ಕಲಸಿ ಕೊಟ್ಟಳು. ಅವರು ಅದಕ್ಕೆ ಗೋಫಿಯೊ ಅನ್ನುತ್ತಾರೆ. ಒಂದು ಚಮಚೆ ಬಾಯಿಗಿಟ್ಟೊಡನೆ ಗೊತ್ತಾಯಿತು: ಹುರಿಹಿಟ್ಟು! ಬೆಲ್ಲ ಇದೆಯೇ ಎಂದು ಸನ್ನೆಯಲ್ಲಿ ಕೇಳಿದೆ. ಆಕೆ ಕಬ್ಬಿನ ಪಾಕದ ಬಾಟಲಿ ತಂದಿಟ್ಟಳು. ಬದಲಿಗೆ ನಾನು ಶೇಂಗಾ ಹಿಂಡಿ ಕೊಟ್ಟೆ. ಅದನ್ನೂ ಹಾಲಿಗೇ ಹಾಕಿಕೊಂಡಳು, ಬೇಡವೆನ್ನುವಷ್ಟರಲ್ಲಿ ತಡವಾಗಿತ್ತು. ಕಣ್ಣಲ್ಲಿ ನೀರು ಬಂದರೂ ಬಟ್ಟಲು ಖಾಲಿ ಮಾಡಿದಳು.

ಇದು ಆಕೆಯ ತಂಗಿಯ ಮನೆ. ಆಕೆಯದು ಇನ್ನೂ ಕೆಳಗೆ ಇತ್ತು. ಕೆಲವು ವರ್ಷಗಳ ಹಿಂದೆ ಬೆಟ್ಟದ ಪಡುವಣ ಮಗ್ಗುಲಲ್ಲಿ ನೆಲ ಬಿರಿದು ಬೆಂಕಿಯ ಹೊಳೆ ಹರಿದಾಗ ಅದು ಅಡಿಗೆ ಹೋಯಿತು. ನಡೆದುಕೊಂಡೇ ಹೋಗಿ ತೋರಿಸಿದಳು. ಡಾಂಬರು ರಸ್ತೆ ನೇರವಾಗಿ ಹೋಗಿ ಕಪ್ಪು ಕಲ್ಲಿನ ಗೋಡೆಗೆ ಮುಗಿದಿತ್ತು. ಅಂಚಿನಲ್ಲಿ ಒಂದು ಬಾಳೆಯ ತೋಟ ಅರ್ಧ ಉಳಿದಿತ್ತು. ಆಕೆ ಕೈ ಚಾಚಿ, ಅಲ್ಲಿಂದ ಅಲ್ಲಿಗೆ ಅಡುಗೆಮನೆ, ಇದು ಮೆಟ್ಟಿಲು ಎಂದು ಎತ್ತರ ಸಹಿತ ತೋರಿಸುತ್ತಿದ್ದಳು. ನಾನು ತಿಳಿಯದೆ ಆ ಮೆಟ್ಟಿಲು ಇದ್ದ ಜಾಗದ ಮುಂದೆ ಚಪ್ಪಲಿ ಬಿಟ್ಟಿದ್ದೆ. ಸುಜಾತಾ ಅದನ್ನು ನೋಡಿದಳು.

"ನಮ್ಮ ಹೊಲದ ಕರಿ ಮಣ್ಣೂ ಹಿಂಗ ಬೆಂಕಿಯಾಗಿ ಹರದ ಕಲ್ಲೇ ಅಂತ ಹೇಳು ಆಕೀಗ," ಅಂದೆ. "ಕರಗಿ ಮಣ್ಣಾಗಿ ಅದರಾಗ ತೊಗರಿ ಬೆಳೀತೇವಿ."

ಸುಜಾತಾ ಸ್ಪ್ಯಾನಿಷಿನಲ್ಲಿ ಹೇಳಿದಳು. ಎಷ್ಟು ವರ್ಷಕ್ಕೆ ಮಣ್ಣಾಯಿತು ಎಂದು ಕಾರ್ಮೆನ್ ಕೇಳಿದಳು. ಕೋಟಿಗಟ್ಟಲೆ ವರ್ಷ ಎಂದಾಗ ಆಕೆ ಜೋರಾಗಿ ನಕ್ಕಳು. ಅಷ್ಟು ಹೊತ್ತು ಕಾಯುವ ವ್ಯವಧಾನ ತನಗಿಲ್ಲ ಎಂದಳು.

ಮನೆಗೆ ಬಂದು ಎರಡು ಗಾಜಿನ ಭರಣಿ ತಂದು ನನ್ನ ಮುಂದಿಟ್ಟಳು. ಎರಡರಲ್ಲೂ ಕಪ್ಪು ಬೂದಿ. ನಾನು ಕಲ್ಲು ಅಳೆಯುವವನೆಂದು ಸುಜಾತಾ ಹೇಳಿದ್ದಳಂತೆ. ಕಾರ್ಮೆನ್ ನಿಧಾನವಾಗಿ ಏನೋ ಕೇಳಿದಳು. ಸುಜಾತಾ ಅನುವಾದ ಮಾಡಲು ತಡಮಾಡಿದಳು.

"ಏನಂತ?"

"ಇದರಾಗ ತನ್ನ ಮನಿ ಅದ ಏನಂತ ಕೇಳಾಕತ್ತಾಳ್ರಿ."

ಮನೆಯ ಗೋಡೆ ಅಂದರೆ ಸಿಮೆಂಟು, ಸಿಮೆಂಟು ಅಂದರೆ ಸುಣ್ಣ. ಬೂದಿಯಲ್ಲೂ ಸುಣ್ಣ ಇರುತ್ತದೆ. ಯಾವ ಸುಣ್ಣ ಯಾರದು ಎಂದು ಹೇಗೆ ಹೇಳುವುದು? ಬೂದಿಯನ್ನು ಎಂದು ತುಂಬಿದ್ದು ಎಂದು ಕೇಳಿದೆ. ಮೊದಲನೆಯ ಭರಣಿ ಬೆಂಕಿ ಶುರುವಾದ ದಿನಗಳದ್ದು, ಮನೆ ಇನ್ನೂ ಇತ್ತು. ಎರಡನೆಯದು ಮನೆ ಹೋದ ಮೇಲಿನದು.

"ಹಂಗಾದ್ರ ಮೊದಲನೇದು ಬ್ಲ್ಯಾಂಕ್," ಅಂದೆ. ಬ್ಲ್ಯಾಂಕ್ ಅಂದರೆ ಏನೆಂದು ಓದುಗರಿಗೆ ಹೇಳಬೇಕು. ಸುಣ್ಣ ಅಳೆಯುವ ಮುಂಚೆ ನಾವು ಒಂದು ಖಾಲಿ ಪಾತ್ರೆಗೆ, ಕಲ್ಲುಪುಡಿ ಹಾಕದೆ, ಅದೇ ನೀರು ಅದೇ ಆಮ್ಲ ಹಾಕಿ ಅದೇ ಕ್ರಮದಲ್ಲಿ ಅಳೆಯುತ್ತೇವೆ. ಸೊನ್ನೆ ಬರಬೇಕು. ಬಾರದಿದ್ದರೆ ಆ ಸುಣ್ಣ ಕಲ್ಲಿನದಲ್ಲ, ನೀರಿನದು, ಪಾತ್ರೆಯದು, ಇಲ್ಲವೇ ನಮ್ಮ ಕೈಯದು. ಕಾರ್ಖಾನೆಯ ಗಾಳಿಯಲ್ಲೇ ಸುಣ್ಣ ಇರುವಾಗ ಬ್ಲ್ಯಾಂಕ್ ಇಲ್ಲದ ಲೆಕ್ಕಕ್ಕೆ ನಾವು ಸಹಿ ಹಾಕುವುದಿಲ್ಲ.

ಎರಡೂ ಬೂದಿಯನ್ನು ಅಳೆದು ಹೋಲಿಸಬಹುದು, ಆದರೆ ಹೋಲಿಸಿದರೂ ಬಹುಶಃ ಏನೂ ಸಿಗುವುದಿಲ್ಲ, ಬೂದಿ ನೆಲ ಬಿರಿದ ಬಾಯಿಂದ ಹಾರಿದ್ದು, ಮನೆ ಕಲ್ಲಿನ ಅಡಿಗೇ ಇದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾರ್ಮೆನ್ ತಲೆಯಾಡಿಸಿ ಎರಡನೆಯ ಭರಣಿಯನ್ನು ಒಳಗಿಟ್ಟಳು. ಮೊದಲನೆಯದನ್ನು ಹಿತ್ತಲಲ್ಲಿ ಸುರಿದು ಬಂದಳು. ಹಾಗೆ ಹೇಳಬಾರದಿತ್ತೇನೋ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಂದೇ ಮಧ್ಯಾಹ್ನ

ಊಟದ ಮೇಲೆ ಸುಜಾತಾ ತನ್ನ ಲ್ಯಾಪ್‌ಟಾಪ್‌ನಲ್ಲಿ ಆ ನಕ್ಷತ್ರದ ಬೆಳಕಿನ ಪಟ್ಟಿ ತೋರಿಸಿದಳು. ಅಂಕುಡೊಂಕಾದ ಗೆರೆ, ಅದರ ನೇರಳೆ ತುದಿಯಲ್ಲಿ ಒಂದು ಸಣ್ಣ ತಗ್ಗು. "ಇದ ನನ್ನ ಸುಣ್ಣ," ಅಂದಳು. ಅವಳ ಬೆರಳು ಪರದೆಗೆ ತಾಗಿತ್ತು.

ನನ್ನ ತಲೆಯಲ್ಲಿ ಇನ್ನೂ ಕಾರ್ಮೆನ್‌ಳ ಭರಣಿ ಇತ್ತು. ಬೇರೆ ಉದ್ದೇಶ ಇರಲಿಲ್ಲ.

"ನಿನ್ನ ಬ್ಲ್ಯಾಂಕ್ ಎಷ್ಟ ಬಂತು?"

"ಆಕಾಶಕ್ಕೆಲ್ಲಿ ಬ್ಲ್ಯಾಂಕ್ ಹಾಕ್ತೀರಿ ಕಾಕಾ? ಅದೇನ್ ನಿಮ್ಮ ಲ್ಯಾಬಿನ ಭಟ್ಟಿ ಇಳಿಸಿದ ನೀರೇನು?" ನಕ್ಕಳು. "ಆಕಾಶಕ್ಕೂ ಒಂದೀಟು ಬೆಳಕ ಇರ್ತದ. ಚುಕ್ಕಿ ಮಗ್ಗಲಿನ ಆಕಾಶ ನೋಡಿ ಅದನ್ನ ಕಳೀತೇವಿ. ಕಳದೇನಿ."

"ಕಳದಿ. ಸರಿಯಾಗಿ ಕಳದಿ ಅಂತ ಹೆಂಗ ಗೊತ್ತಾತು? ಚುಕ್ಕಿ ಇಲ್ಲದ ಜಾಗಾ ತಗೊಂಡು ಇದೇ ರೀತಿ ಮಾಡಿದ್ರ ಸೊನ್ನಿ ಬರ್ತದ?"

ಅವಳು ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. ನಾನು ಬಾಲ್ಕನಿಯಲ್ಲಿ ಕುಳಿತೆ. ಬೀದಿಯ ಅಂಗಡಿಗಳೆಲ್ಲ ಮುಚ್ಚಿ ಜನ ಮಲಗಿದ್ದರು. ಒಂದು ಗಂಟೆ ಕೀಲಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

ಒಳಗೆ ಹೋದೆ. ಪರದೆಯ ಮೇಲೆ ಎರಡು ಗೆರೆ. ಮೇಲಿನದು ನಕ್ಷತ್ರದ್ದು. ಕೆಳಗಿನದು ಖಾಲಿ ಆಕಾಶದ್ದು, ಸೊನ್ನೆಗೆ ಮುಟ್ಟದೆ ಸ್ವಲ್ಪ ಮೇಲೆ ತೇಲುತ್ತಿತ್ತು. ಎರಡರಲ್ಲೂ ತಗ್ಗು ಒಂದೇ ಜಾಗದಲ್ಲಿತ್ತು.

"ಚಂದ್ರ ಇದ್ದ ಅವತ್ತು," ಅಂದಳು, ನನ್ನತ್ತ ನೋಡದೆ. "ಇಂಥದ ಧೂಳೂ ಇತ್ತು. ಒಂದ ಮಗ್ಗಲಿಗೆ ಬ್ಯಾರೆ ಚುಕ್ಕಿ ಇತ್ತಂತ ಇನ್ನೊಂದ ಮಗ್ಗಲಿನ ಆಕಾಶ ಅಷ್ಟ ಕಳದೆ. ಎರಡೂ ಕಡೆ ಬೆಳಕ ಸಮ ಇರಲಿಲ್ಲ, ಚಂದ್ರನ ಬೆಳಕ ಒಂದೀಟು ಕಳೀದ ಉಳದದ. ಚಂದ್ರನ ಬೆಳಕ ಅಂದ್ರ ಸೂರ್ಯಂದು. ಸೂರ್ಯನಾಗ ಸುಣ್ಣ ಅದ. ಚುಕ್ಕಿ ಓಡೂ ವೇಗಕ್ಕ ತಗ್ಗು ಒಂದೀಟು ಸರದಿರಬೇಕಿತ್ತು. ಸರದಿರಲಿಲ್ಲ. ಅಳತಿ ತಪ್ಪಿನಾಗ ಬರ್ತದಂತ ಬಿಟ್ಟಿದ್ದೆ."

ಆಮೇಲೆ ತಿರುಗಿ ನನ್ನನ್ನು ನೋಡಿದಳು. "ನೀವ್ ಯಾಕ ಕೇಳಿದ್ರಿ?"

ನಾನು ಕುರ್ಚಿ ಎಳೆದು ಕುಳಿತೆ.

"ಗುರುವಾರ ಹೇಳಿ ಮುಗಿಸಿ, ಆಮ್ಯಾಲ ನಾನಽ ಮತ್ತೊಮ್ಮೆ ನೋಡಿದ್ರ ಆಗ್ತಿತ್ತು. ಯಾರಿಗೂ ಗೊತ್ತಾಗತಿರಲಿಲ್ಲ ಆಗಸ್ಟ್ ತನಾ. ಅವ್ವನೇ ಬರಬೇಕಿತ್ತು. ಆಕೀಗ ಬ್ಲ್ಯಾಂಕ್ ಗೊತ್ತಿಲ್ಲ."

ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮತ್ತೆ ಬಾಲ್ಕನಿಗೆ ಹೋಗಿ ಕುಳಿತೆ.

ಬುಧವಾರ

ಬುಧವಾರ ಬೆಳಿಗ್ಗೆ ಅವಳು ಚಹಾ ತಂದು ನನ್ನೆದುರು ಕುಳಿತಳು. ಕಣ್ಣು ಊದಿಕೊಂಡಿದ್ದವು. ಏನಾದರೂ ಹೇಳಿ ಎಂಬಂತೆ ನೋಡಿದಳು. ನಾನು ಉಪದೇಶ ಮಾಡಲಿಲ್ಲ. ನನಗಾದದ್ದನ್ನು ಹೇಳಿದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ನೀರು ಭಟ್ಟಿ ಇಳಿಸುವ ಯಂತ್ರ ಒಳಗೇ ಸೀಳಿ, ಬೋರಿನ ಗಡಸು ನೀರು ಶುದ್ಧ ನೀರಿಗೆ ಬೆರೆಯುತ್ತಿತ್ತು. ಅವಸರದಲ್ಲಿ ನಾನು ಮೂರು ದಿನ ಬ್ಲ್ಯಾಂಕ್ ಹಾಕಿರಲಿಲ್ಲ. ಸುಣ್ಣ ಹೆಚ್ಚಿದೆ ಎಂದು ಬರೆದುಕೊಟ್ಟೆ. ಅವರು ಕಲ್ಲು ಕಡಿಮೆ ಮಾಡಿದರು. ಒಂದು ಪೂರ್ತಿ ರಾಶಿ ಸಿಮೆಂಟು ಸಡಿಲ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಕಾರಣ ಗೊತ್ತಾಯಿತು.

"ಹೇಳಿದ್ರಿ?"

"ಒಂದ ಶಿಫ್ಟ್ ಸುಮ್ಮ ಇದ್ದೆ. ಎಂಟ ತಾಸು. ಆ ಎಂಟ ತಾಸಿನ್ಯಾಗ ಎಷ್ಟ ಲಾರಿ ಹೊರಗ ಹೋದವು, ನಿಂತು ನೋಡೇನಿ."

"ಆಮ್ಯಾಲ?"

"ಹೋಗಿ ಹೇಳಿದೆ. ಬೈದ್ರು. ಲಾರಿ ಹೊಳ್ಳಿಸಿದ್ರು. ನೀರಿನ ಭಟ್ಟಿ ರಿಪೇರಿ ಮಾಡಿಸಿದ್ರು."

"ನೌಕರಿ ಹೋಗಲಿಲ್ಲ?"

"ಇಲ್ಲ. ನಿಂದೂ ಹೋಗಂಗಿಲ್ಲ ಅಂತ ನಾ ಹೇಳಾಕತ್ತಿಲ್ಲ. ಅದು ನನಗ ಗೊತ್ತಿಲ್ಲ."

ಅವಳು ಚಹಾ ಕುಡಿದು ಕಪ್ಪು ತೊಳೆದಳು. "ಸುಳ್ಳರೇ ಹೇಳಬಾರದೇನ್ರಿ, ಎಲ್ಲಾ ಸರಿ ಆಗ್ತದ ಅಂತ," ಎಂದಳು. ಆದರೆ ಆಮೇಲೆ ದಿನವಿಡೀ ಕೋಣೆಯ ಬಾಗಿಲು ತೆರೆದೇ ಇತ್ತು.

ಗುರುವಾರ, ಸಭೆ

ಸುಮಾರು ನಲವತ್ತು ಜನ. ಬಹಳಷ್ಟು ಮಂದಿ ಚಪ್ಪಲಿ, ಚಡ್ಡಿಯಲ್ಲಿ ಬಂದಿದ್ದರು. ನಾನೊಬ್ಬನೇ ಕೋಟು ಹಾಕಿದವನು, ಹೀಗಾಗಿ ಇಬ್ಬರು ನನ್ನನ್ನೇ ದೊಡ್ಡ ಪ್ರೊಫೆಸರ್ ಎಂದು ತಿಳಿದು ಕೈ ಕುಲುಕಿದರು. ಇನೆಸ್ ಮುಂದಿನ ಸಾಲಿನಲ್ಲಿದ್ದರು. ಬಿಳಿ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ.

ಸುಜಾತಾ ಮೊದಲು ಖಾಲಿ ಆಕಾಶದ ಗೆರೆಯನ್ನು ತೋರಿಸಿದಳು. ಆಮೇಲೆ ನಕ್ಷತ್ರದ್ದನ್ನು. ಇಂಗ್ಲಿಷಿನಲ್ಲಿ, ಬಿಡಿಬಿಡಿಯಾಗಿ, ಈ ಸುಣ್ಣ ಆ ನಕ್ಷತ್ರದ್ದಲ್ಲ, ಚಂದ್ರನ ಮೇಲಿಂದ ಬಂದ ನಮ್ಮ ಸೂರ್ಯನದು, ತಪ್ಪು ನನ್ನದು, ಬ್ಲ್ಯಾಂಕ್ ಕೇಳಿದ್ದು ನನ್ನ ಕಾಕಾ ಎಂದಳು. ಇಷ್ಟಕ್ಕೆ ಅವಳಿಗೆ ನಾಲ್ಕು ನಿಮಿಷ ಹಿಡಿಯಿತು. ಉಳಿದ ಹದಿನಾರು ನಿಮಿಷ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಇನೆಸ್ ಕನ್ನಡಕ ತೆಗೆದರು. ಹಿಂದೆ ತಿರುಗಿ, ಇದೇ ಲೆಕ್ಕದ ಕ್ರಮ ಬಳಸಿದವರು ಇನ್ನು ಯಾರಿದ್ದೀರಿ ಎಂದು ಕೇಳಿದರು. ಆಮೇಲೆ ಒಂದು ಕೈ ಅರ್ಧ ಎದ್ದಿತು, ಅದರ ಹಿಂದೆ ಇನ್ನೂ ಮೂರು. "ಎಲ್ಲವಕ್ಕೂ ಖಾಲಿ ಆಕಾಶ ಹಾಕಿ ನೋಡಿ," ಎಂದರು. ಸುಜಾತಾಳ ನಕ್ಷತ್ರ ಬೆರಕೆಯಾದ ನಕ್ಷತ್ರಗಳ ಪಟ್ಟಿಯಿಂದ ಹೋಯಿತು. ಮೂರು ವರ್ಷದ ಕೆಲಸದ ಬಗ್ಗೆ ಅವರು ಅಂದು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಫಿಯ ಹೊತ್ತಿಗೆ ಆ ನಾಲ್ವರಲ್ಲಿ ಒಬ್ಬ ಎತ್ತರದ ಹುಡುಗ ಬಂದು ನನ್ನ ಕೋಟು ನೋಡಿ, ನೀವು ಇನ್ನೂ ಎಷ್ಟು ದಿನ ಇರುತ್ತೀರಿ ಎಂದು ಬಹಳ ವಿನಯದಿಂದ ಕೇಳಿದ. ಸುಜಾತಾ ಎರಡು ದಿನದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು.

ಹೊರಗೆ ಬೆಂಚಿನ ಮೇಲೆ ಕುಳಿತು ತಾಯಿಗೆ ಫೋನ್ ಮಾಡಿದಳು. ಮಾದನಹಿಪ್ಪರಗಾದಲ್ಲಿ ಸಂಜೆ. ವೈನಿ ಕಣದಲ್ಲಿದ್ದಳು, ರಾಶಿ ಯಂತ್ರದ ಸದ್ದಿಗೆ ಕೂಗಿ ಮಾತಾಡಿದ್ದು ನನಗೂ ಕೇಳುತ್ತಿತ್ತು.

"ಏನಾತು ಬೇ?"

"ಆ ಚುಕ್ಕಿಯಾಗ ಸುಣ್ಣ ಇಲ್ಲವ್ವ. ನಾ ತಪ್ಪ ನೋಡಿದ್ದೆ. ಎಲ್ಲಾರ ಮುಂದ ಹೇಳಿ ಬಂದೆ."

"ನೌಕರಿ?"

"ಗೊತ್ತಿಲ್ಲ."

ಯಂತ್ರ ನಿಂತಿತು. ವೈನಿ ಯೋಚಿಸುತ್ತಿದ್ದಳು. ಮಗಳ ಕೆಲಸ ಏನೆಂದು ಆಕೆಗೆ ತನ್ನದೇ ರೀತಿಯಲ್ಲಿ ಗೊತ್ತು.

"ಹಂಗಾದ್ರ ಅಲ್ಲಿ ಯಾವ ಭೂಮಿನೂ ಒಡದ ಬಿದ್ದಿಲ್ಲ ಅಂದಂಗಾತು. ಚೊಲೋನ ಆತಲ್ಲ."

ನನಗೂ ಆ ಕ್ಷಣದಲ್ಲಿ ಹಾಗೇ ಅನ್ನಿಸಿತ್ತು, ಎದೆ ಹಗುರಾಗಿತ್ತು. ಸುಜಾತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಂಗ ಹೇಳಾಕ ಬರಂಗಿಲ್ಲವ್ವ," ಅಂದಳು. "ಬಿದ್ದದ್ದು ನಮಗ ಕಂಡಿಲ್ಲ. ಅಷ್ಟ."